ಎಂಎಲ್‌ಬಿ ಟಿವಿ ಚಂದಾ: ದುಡ್ಡು ಸಾರ್ಥಕ ಆಗುವುದು ಸಣ್ಣ ಲೀಗ್ ನೋಡಿದರೆ

ಮೊದಲೇ ಹೇಳಿಬಿಡುತ್ತೇನೆ. ಬೇಸ್‌ಬಾಲ್ ಹೇಗಿರುತ್ತೆ ಅಂತ ಸುಮ್ನೆ ಒಮ್ಮೆ ನೋಡಬೇಕು ಅನ್ನುವವರು ಇಡೀ ವರ್ಷದ ಎಂಎಲ್‌ಬಿ ಟಿವಿ (ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ನ ಆಟ ತೋರಿಸುವ ಆ್ಯಪ್) ಚಂದಾ ಕಟ್ಟಬೇಡಿ. ತಿಂಗಳ ಚಂದಾ ಇದೆ, ಅದು ಸಾಕು. ಆದರೆ ಒಂದು ತಂಡವನ್ನು ಮನಸ್ಸಿಗೆ ಹಚ್ಚಿಕೊಂಡಿದ್ದೀರಿ, ಆ ತಂಡ ಡ್ರಾಫ್ಟ್‌ನಲ್ಲಿ (ವರ್ಷಕ್ಕೊಮ್ಮೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ಯಾವ ಹುಡುಗನನ್ನು ತೆಗೆದುಕೊಂಡಿತು, ಅವನು ಈಗ ಯಾವ ಊರಲ್ಲಿ ಆಡುತ್ತಿದ್ದಾನೆ, ಮೇಲಿನ ತಂಡಕ್ಕೆ ಯಾವಾಗ ಬರುತ್ತಾನೆ, ಬಂದ ಮೇಲೆ ಅವನನ್ನು ಉಳಿಸಿಕೊಳ್ಳುತ್ತಾರಾ ಬಿಡುತ್ತಾರಾ ಅಂತ ಯೋಚಿಸುತ್ತಾ ಕೂರುವವರಾದರೆ, ಕಣ್ಣು ಮುಚ್ಚಿಕೊಂಡು ತಗೊಳ್ಳಿ. ನಾನು ಎರಡನೇ ಜಾತಿಯವನು. ಆಲ್ದೂರಿನ ಹತ್ತಿರ ನಮ್ಮದು ಕಾಫಿ ತೋಟ. ಸತತವಾಗಿ ಮೂರು ಸೀಸನ್ ಈ ಚಂದಾ ಕಟ್ಟಿದ್ದೇನೆ.

ನನ್ನ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್. 2013ರಲ್ಲಿ ಕಂಪನಿ ಕೆಲಸದ ಮೇಲೆ ಆ ಊರಲ್ಲಿದ್ದೆ. ಅದಕ್ಕೂ ಹಿಂದಿನ 20 ವರ್ಷ, ಪ್ರತಿ ವರ್ಷವೂ ಗೆಲುವಿಗಿಂತ ಸೋಲೇ ಜಾಸ್ತಿ ಇದ್ದ ತಂಡ ಅದು. ಆ ವರ್ಷ ಅಕ್ಟೋಬರ್ 1ರಂದು ಸಿನ್ಸಿನಾಟಿ ರೆಡ್ಸ್ ಜೊತೆ ಒಂದೇ ಆಟದ ನಾಕೌಟ್. ನನಗೆ ಟಿಕೆಟ್ ಸಿಗಲಿಲ್ಲ, ಜೊತೆ ಕೆಲಸ ಮಾಡುವವರ ಮನೆಯಲ್ಲಿ ಕೂತು ನೋಡಿದೆ. ಇಡೀ ಮೈದಾನ ಕಪ್ಪು ಬಟ್ಟೆ ಹಾಕಿಕೊಂಡು ರೆಡ್ಸ್ ಪಿಚರ್ (ಚೆಂಡು ಎಸೆಯುವವನು) ಜಾನಿ ಕ್ವೇಟೊ ಹೆಸರನ್ನು ಎಳೆದೆಳೆದು ಕೂಗುತ್ತಿತ್ತು. ಅವನ ಕೈಯಿಂದ ಚೆಂಡು ಜಾರಿ ಕೆಳಗೆ ಬಿತ್ತು. ಅದರ ಮುಂದಿನ ಎಸೆತವನ್ನೇ ನಮ್ಮ ರಸೆಲ್ ಮಾರ್ಟಿನ್ ಎತ್ತಿ ಹೊರಗೆ ಹೊಡೆದ. ಆ ರಾತ್ರಿ ಹತ್ತಿದ ಹುಚ್ಚು ಇವತ್ತಿನವರೆಗೂ ಇಳಿದಿಲ್ಲ. ಊರಿಗೆ ವಾಪಸ್ ಬಂದೆ, ತೋಟ ಹಿಡಿದೆ, ತಂಡ ಮಾತ್ರ 2015ರ ಆಮೇಲೆ 2025ರವರೆಗೂ ಪ್ಲೇಆಫ್ ಮುಖ ನೋಡಲಿಲ್ಲ.

ಇನ್ನೊಂದು ನಂಟೂ ಇದೆ. ಅಮೆರಿಕದಲ್ಲಿ ವೃತ್ತಿಪರ ಬೇಸ್‌ಬಾಲ್ ಆಡಿದ ಮೊದಲ ಇಬ್ಬರು ಭಾರತೀಯರು ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಉತ್ತರ ಪ್ರದೇಶದ ಹಳ್ಳಿ ಕಡೆಯ ಹುಡುಗರು, ಈಟಿ ಎಸೆಯುತ್ತಿದ್ದವರು. 2008ರ ನವೆಂಬರ್‌ನಲ್ಲಿ ಅವರಿಗೆ ಕರಾರು ಕೊಟ್ಟಿದ್ದು ಇದೇ ಪೈರೇಟ್ಸ್. ಮೇಲಿನ ಲೀಗ್‌ವರೆಗೆ ಇಬ್ಬರೂ ಮುಟ್ಟಲಿಲ್ಲ, ನಿಜ. ಆದರೆ ಬೇರೆ ಯಾರೂ ತಿರುಗಿ ನೋಡದ ದೇಶದ ಹುಡುಗರಿಗೆ ಕರಾರು ಕೊಟ್ಟ ತಂಡ ಅಂದರೆ ನನಗೆ ಇವತ್ತಿಗೂ ಗೌರವ.

ಈಗ ಆ್ಯಪ್ ವಿಷಯ. ದೊಡ್ಡ ಲೀಗ್‌ನ ಮಾಮೂಲಿ ಸೀಸನ್ ಆಟಗಳು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಬರುತ್ತವೆ, ತಂಡಕ್ಕೆ 162 ಆಟ. ಮನೆ ತಂಡದ ಕಾಮೆಂಟರಿ ಬೇಕಾ, ಎದುರಾಳಿ ತಂಡದ್ದು ಬೇಕಾ, ಆರಿಸಿಕೊಳ್ಳಬಹುದು. ಚಿತ್ರ ಹಾಗೇ ಇಟ್ಟು ರೇಡಿಯೊ ಕಾಮೆಂಟರಿ ಹಾಕಿಕೊಳ್ಳಬಹುದು. ನನಗೆ ಇದೇ ಇಷ್ಟ, ಯಾಕೆಂದರೆ ರೇಡಿಯೊದವರು ಎಲ್ಲವನ್ನೂ ಬಾಯಲ್ಲಿ ಹೇಳಲೇಬೇಕಲ್ಲ, ಮೆಣಸಿನ ಬಳ್ಳಿ ಕಟ್ಟುತ್ತಾ ಕಿವಿಯಲ್ಲೇ ಇಡೀ ಆಟ ನೋಡಬಹುದು. ಪಿಟ್ಸ್‌ಬರ್ಗ್‌ನಲ್ಲೇ ಇರುವವರಿಗೆ ಬರೀ ಈ ಚಂದಾ ಇಟ್ಟುಕೊಂಡರೆ ಊರ ತಂಡದ ಆಟ ಲೈವ್ ಸಿಗುವುದಿಲ್ಲ, ಅಲ್ಲಿನ ಟಿವಿ ಹಕ್ಕಿನ ಲೆಕ್ಕ ಹಾಗಿದೆ. ಚಿಕ್ಕಮಗಳೂರಲ್ಲಿ ಕೂತ ನಮಗೆ ಆ ತಡೆ ಇಲ್ಲ.

ಹೊತ್ತು? ಪಿಟ್ಸ್‌ಬರ್ಗ್‌ನಲ್ಲಿ ಸಂಜೆ 6.40ಕ್ಕೆ ಶುರುವಾಗುವ ಆಟ ನಮಗೆ ಬೆಳಗಿನ ಜಾವ 4.10. ತೋಟದವರಿಗೆ ಇದು ಸಮಸ್ಯೆಯೇ ಅಲ್ಲ. ಹೇಗೂ ಐದಕ್ಕೆ ಏಳುತ್ತೇವೆ. ಒಲೆ ಮೇಲೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಎರಡನೇ ಇನ್ನಿಂಗ್ಸ್, ಆಳುಗಳು ಬಂದು ಹಾಜರಿ ಹಾಕುವ ಮುಂಚೆ ಆಟ ಮುಗಿದಿರುತ್ತದೆ. ಪಿಚ್ ಕ್ಲಾಕ್ (ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಅನ್ನುವ ಗಡಿಯಾರ) ಬಂದ ಮೇಲೆ, ಅಂದರೆ 2023ರಿಂದ, ಆಟ ಹೆಚ್ಚುಕಡಿಮೆ ಎರಡೂವರೆ ಗಂಟೆಗೆ ಇಳಿದಿದೆ. ಭಾನುವಾರ ಅಲ್ಲಿ ಮಧ್ಯಾಹ್ನದ ಆಟ, ಇಲ್ಲಿ ರಾತ್ರಿ 11.05. ನಿದ್ದೆಗೆಡಲು ಆಗದವರಿಗೆ ಇಡೀ ಆಟವನ್ನು ಹತ್ತು ನಿಮಿಷಕ್ಕೆ ಇಳಿಸಿದ ತುಣುಕು ಸಿಗುತ್ತದೆ. ಸ್ಕೋರ್ ಮುಚ್ಚಿಡುವ ಸೆಟ್ಟಿಂಗ್ ಕೂಡ ಇದೆ, ಮೊದಲ ದಿನವೇ ಅದನ್ನು ಆನ್ ಮಾಡಿಕೊಳ್ಳಿ.

ನನಗೆ ಬಂದ ತೊಂದರೆಯೆಲ್ಲ ಮನೆ ಕಡೆಯದು. ಮೊದಲ ವರ್ಷ ಹಾಕಿಸಿದ್ದ ನೆಟ್ ಮಳೆಗಾಲ ಪೂರ್ತಿ ಕೈಕೊಟ್ಟಿತು. ಜುಲೈನಲ್ಲಿ ಗಾಳಿಗೆ ಸಿಲ್ವರ್ ಓಕ್ ಕೊಂಬೆ ಮುರಿದು ವೈರ್ ಮೇಲೆ ಬಿದ್ದರೆ ಮೂರು ದಿನ ಯಾರೂ ಬರುತ್ತಿರಲಿಲ್ಲ. ದುಡ್ಡು ಮಾತ್ರ ತಿಂಗಳು ತಿಂಗಳು ಸರಿಯಾಗಿ ಕಟ್ ಆಗುತ್ತಿತ್ತು. ಆ ಕಂಪನಿ ಬಿಟ್ಟು ಬೇರೆಯದಕ್ಕೆ ಹೋದೆ, ಯುಪಿಎಸ್ ಹಾಕಿಸಿದೆ, ಈಗ ಪರವಾಗಿಲ್ಲ. ಮಲೆನಾಡಿನ ಒಳಗಡೆ ಇರುವವರು ಚಂದಾ ಕಟ್ಟುವ ಮುಂಚೆ ಆಗಸ್ಟ್ ತಿಂಗಳಲ್ಲಿ ನಿಮ್ಮ ನೆಟ್ ಹೇಗಿರುತ್ತದೆ ಅಂತ ನೆನಪು ಮಾಡಿಕೊಳ್ಳಿ.

ಆದರೆ ನಾನು ಇಷ್ಟುದ್ದ ಬರೆಯಲು ಕೂತಿದ್ದು ದೊಡ್ಡ ಲೀಗ್‌ಗಾಗಿ ಅಲ್ಲ. ಇದೇ ಚಂದಾದಲ್ಲಿ ಮೈನರ್ ಲೀಗ್ ಆಟಗಳೂ ಬರುತ್ತವೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಪ್ರತಿ ತಂಡದ ಕೆಳಗೆ ನಾಲ್ಕು ಮೆಟ್ಟಿಲು ಇರುತ್ತದೆ. ಪೈರೇಟ್ಸ್‌ಗೆ ಬ್ರೇಡೆಂಟನ್, ಗ್ರೀನ್ಸ್‌ಬರೊ, ಆಲ್ಟೂನಾ, ಇಂಡಿಯಾನಾಪೊಲಿಸ್. ಹುಡುಗ ಕೆಳಗಿನ ಮೆಟ್ಟಿಲಿಂದ ಒಂದೊಂದಾಗಿ ಹತ್ತಿ ಬರಬೇಕು. ಆಲ್ಟೂನಾ ಊರಿನ ಜನಸಂಖ್ಯೆ ನಮ್ಮ ಚಿಕ್ಕಮಗಳೂರು ಪಟ್ಟಣದ ಅರ್ಧವೂ ಇಲ್ಲ. ಅಂಥ ಊರಿಗೆ ಒಂದು ವೃತ್ತಿಪರ ತಂಡ, ಚೆಂದದ ಮೈದಾನ, ಬಲಗಡೆ ಬೌಂಡರಿ ಆಚೆ ಮರದ ರೋಲರ್ ಕೋಸ್ಟರ್. ಸಂಜೆ ಮಕ್ಕಳು ಮರಿ ಕಟ್ಟಿಕೊಂಡು ಜನ ಬರುತ್ತಾರೆ. ಕಡೂರಿನ ವೇದಾ ಕೃಷ್ಣಮೂರ್ತಿ ಕ್ರಿಕೆಟ್ ಆಡಲು ಬೆಂಗಳೂರಿಗೆ ಹೋಗಬೇಕಾಯಿತು. ಇಲ್ಲೂ ಆಲ್ಟೂನಾ ತರಹದ್ದು ಒಂದು ಇದ್ದಿದ್ದರೆ ಅಂತ ಆ ಮೈದಾನ ನೋಡಿದಾಗೆಲ್ಲ ಅನ್ನಿಸುತ್ತದೆ.

ಸಣ್ಣ ಮೈದಾನಗಳಲ್ಲಿ ಕ್ಯಾಮೆರಾ ಕಡಿಮೆ. ಕಾಮೆಂಟರಿಗೆ ಒಬ್ಬನೇ ಹುಡುಗ, ಎಷ್ಟೋ ಸಲ ಕಾಲೇಜು ಆಗಷ್ಟೇ ಮುಗಿಸಿದವನ ದನಿ. ನನಗೆ ಅದು ಕೊರತೆ ಅನ್ನಿಸುವುದಿಲ್ಲ. ಆಟಗಾರ ಕಾಲು ಹೇಗೆ ಊರುತ್ತಾನೆ, ಸೊಂಟ ಯಾವಾಗ ತಿರುಗುತ್ತದೆ, ಔಟಾದ ಮೇಲೆ ಡಗೌಟ್‌ಗೆ ಹೇಗೆ ನಡೆದು ಹೋಗುತ್ತಾನೆ, ಇಷ್ಟು ಕಂಡರೆ ಸಾಕಲ್ವಾ?

2025ರಲ್ಲಿ ನಾನು ಜಾಸ್ತಿ ನೋಡಿದ್ದು ಕಾನರ್ ಗ್ರಿಫಿನ್‌ನನ್ನು. 2006ರಲ್ಲಿ ಹುಟ್ಟಿದ ಹುಡುಗ. 2024ರ ಡ್ರಾಫ್ಟ್‌ನಲ್ಲಿ ಮಿಸಿಸಿಪಿಯ ಹೈಸ್ಕೂಲ್‌ನಿಂದ ನೇರವಾಗಿ 9ನೆಯವನಾಗಿ ತೆಗೆದುಕೊಂಡರು, ಬೋನಸ್ ಸುಮಾರು 65 ಲಕ್ಷ ಡಾಲರ್. ಆಗ ಎಷ್ಟೋ ಜನ ಅನುಮಾನ ಪಟ್ಟಿದ್ದರು. ಓಡುತ್ತಾನೆ, ಎಸೆಯುತ್ತಾನೆ, ಆದರೆ ಬ್ಯಾಟ್ ಬೀಸುವ ರೀತಿ ಸರಿಯಿಲ್ಲ, ದೊಡ್ಡ ಎಸೆತಗಾರರ ಮುಂದೆ ನಿಲ್ಲಲ್ಲ ಅಂತ. ಒಂದೇ ವರ್ಷದಲ್ಲಿ ಬ್ರೇಡೆಂಟನ್‌ನಿಂದ ಗ್ರೀನ್ಸ್‌ಬರೊ, ಅಲ್ಲಿಂದ ಆಲ್ಟೂನಾ, ಮೂರು ಮೆಟ್ಟಿಲು ಹತ್ತಿದ. ಒಟ್ಟು .333 ಸರಾಸರಿ, 21 ಹೋಮ್ ರನ್ (ನಮ್ಮ ಸಿಕ್ಸರ್ ತರಹ), 65 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದಿದ್ದರೂ ಓಡಿ ಮುಂದಿನ ಬೇಸ್ ಹಿಡಿದ. ಗ್ರೀನ್ಸ್‌ಬರೊ ಮೈದಾನ ಬ್ಯಾಟ್ಸ್‌ಮನ್‌ಗಳಿಗೆ ಸಲೀಸು, ಅಲ್ಲಿಯ ಹೋಮ್ ರನ್ ಲೆಕ್ಕವನ್ನು ಸ್ವಲ್ಪ ಕಡಿಮೆ ಮಾಡಿಯೇ ನೋಡಬೇಕು, ಅದನ್ನು ಒಪ್ಪುತ್ತೇನೆ. ಆದರೆ ನಾನು ನೋಡಿದ್ದು ಬೇರೆ. ಸೀಸನ್ ಶುರುವಿನಲ್ಲಿ ತಿರುಗಿ ಹೊರಗೆ ಹೋಗುವ ಸ್ಲೈಡರ್ ಎಸೆತಕ್ಕೆ ಕೈ ಚಾಚುತ್ತಿದ್ದ. ಆಗಸ್ಟ್ ಹೊತ್ತಿಗೆ ಅದೇ ಎಸೆತವನ್ನು ಬಿಟ್ಟು ನಿಲ್ಲುತ್ತಿದ್ದ. ಅಂಕಿ ಅಂಶದ ಪಟ್ಟಿ ಓದಿದರೆ ಇದು ಕಾಣುವುದಿಲ್ಲ, ದಿನಾ ನೋಡಿದರೆ ಮಾತ್ರ ಕಾಣುತ್ತದೆ.

ಕಾಫಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಚಂದ್ರಗಿರಿ ತಳಿ ತಂದು ನರ್ಸರಿ ಮಾಡಿ ನೆಟ್ಟರೆ, ಫಸಲು ಅಂತ ಕಣ್ಣಿಗೆ ಬೀಳುವುದು ಮೂರು ನಾಲ್ಕು ವರ್ಷಕ್ಕೆ. ಅಷ್ಟರಲ್ಲಿ ಕಾಂಡ ಕೊರೆಯುವ ಬೋರರ್ ಹುಳ ಬರಬಹುದು, ನೆರಳು ಜಾಸ್ತಿ ಆಗಬಹುದು, ಹೂಮಳೆ ತಪ್ಪಬಹುದು. ಪಕ್ಕದ ತೋಟದಲ್ಲಿ ಚೆನ್ನಾಗಿ ಬಂದ ಗಿಡ ನಮ್ಮಲ್ಲಿ ಬರದೇ ಹೋಗಬಹುದು. ನಮ್ಮ ಅಪ್ಪ ಹೊಸ ಗಿಡದ ಸಾಲಿನಲ್ಲಿ ಬೆಳಿಗ್ಗೆ ಒಮ್ಮೆ ನಡೆಯದೆ ತಿಂಡಿ ತಿನ್ನುತ್ತಿರಲಿಲ್ಲ. ಆಲ್ಟೂನಾ ಆಟ ಬೆಳಗಿನ ಜಾವ ಮೂರೂವರೆಗೆ ಹಾಕಿದಾಗ ನನಗೆ ಅದೇ ನೆನಪಾಗುತ್ತದೆ.

ಎಲ್ಲ ಗಿಡವೂ ಫಸಲು ಕೊಡುವುದಿಲ್ಲ. 2021ರಲ್ಲಿ ಇಡೀ ಡ್ರಾಫ್ಟ್‌ಗೇ ಮೊದಲನೆಯವನಾಗಿ ಪೈರೇಟ್ಸ್ ತೆಗೆದುಕೊಂಡಿದ್ದು ಕ್ಯಾಚರ್ ಹೆನ್ರಿ ಡೇವಿಸ್‌ನನ್ನು. 2025ರವರೆಗೂ ಅವನ ಬ್ಯಾಟ್ ನೆಲೆ ಕಾಣಲಿಲ್ಲ. ಆದರೂ ಆ ಡ್ರಾಫ್ಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಯಾಕೆ ಅಂತ ಹೇಳುತ್ತೇನೆ. ನಮ್ಮ ಐಪಿಎಲ್ ಹರಾಜಿನ ತರಹ ಇಲ್ಲಿ ಕೂಗು ಇಲ್ಲ. ಸೋತ ತಂಡಗಳಿಗೆ ಮೊದಲ ಅವಕಾಶ, 2023ರ ಡ್ರಾಫ್ಟ್‌ನಿಂದ ಮೊದಲ ಆರು ಸ್ಥಾನಕ್ಕೆ ಲಾಟರಿ. 20 ಸುತ್ತು. ಮೊದಲ ಹತ್ತು ಸುತ್ತಿನ ಒಂದೊಂದು ಸ್ಥಾನಕ್ಕೂ ಒಂದು ಬೆಲೆ ಗೊತ್ತುಮಾಡಿರುತ್ತಾರೆ, ಆ ಬೆಲೆಗಳನ್ನೆಲ್ಲ ಕೂಡಿಸಿದರೆ ತಂಡದ ಒಟ್ಟು ಬೋನಸ್ ಮೊತ್ತ. ಆ ಮೊತ್ತ ಶೇ. 5ಕ್ಕಿಂತ ಜಾಸ್ತಿ ದಾಟಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯೇ ಹೋಗುತ್ತದೆ. ಆದರೆ ಒಟ್ಟು ಮೊತ್ತದ ಒಳಗೆ ಹೇಗೆ ಬೇಕಾದರೂ ಹಂಚಬಹುದು. ಡೇವಿಸ್ ಸ್ಥಾನದ ಬೆಲೆ 84 ಲಕ್ಷ ಡಾಲರ್, ಅವನು ಒಪ್ಪಿದ್ದು 65 ಲಕ್ಷಕ್ಕೆ. ಉಳಿದದ್ದನ್ನು ಕೆಳಗಿನ ಸುತ್ತಿನ ಹೈಸ್ಕೂಲ್ ಹುಡುಗರಿಗೆ ಹಾಕಿದರು. ಮೂರನೇ ಸುತ್ತಿನಲ್ಲಿ ಬಬ್ಬಾ ಚಾಂಡ್ಲರ್. ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಫುಟ್‌ಬಾಲೂ ಆಡಲು ಒಪ್ಪಿಕೊಂಡಿದ್ದ ಹುಡುಗ. ಆ ಸ್ಥಾನದ ಬೆಲೆ 9 ಲಕ್ಷ ಡಾಲರ್‌ಗೂ ಕಡಿಮೆ, ಇವರು 30 ಲಕ್ಷ ಕೊಟ್ಟು ಒಪ್ಪಿಸಿದರು. ಅಷ್ಟು ಕೊಡದಿದ್ದರೆ ಕಾಲೇಜಿಗೆ ಹೋಗಿಬಿಡುತ್ತಿದ್ದ.

ಆ ಚಾಂಡ್ಲರ್ 2025ರ ಆಗಸ್ಟ್‌ನಲ್ಲಿ ಮೇಲೆ ಬಂದ. ನಮಗೆ ಗೌರಿ ಹಬ್ಬ ಇನ್ನು ಮೂರು ದಿನ ಇತ್ತು. ಹೊರಗೆ ಮಳೆ, ಒಳಗೆ ಕಂಬಳಿ ಹೊದ್ದು ಕೂತಿದ್ದೆ. ನಾಲ್ಕು ಇನ್ನಿಂಗ್ಸ್ ಎಸೆದ, ಒಂದು ರನ್ನೂ ಕೊಡಲಿಲ್ಲ. ಎರಡು ವರ್ಷ ಸಣ್ಣ ಊರುಗಳಲ್ಲಿ ಅವನನ್ನು ನೋಡಿದ್ದೆನಲ್ಲ, ಕಣ್ಣಲ್ಲಿ ನೀರು ಬಂತು. ಇಡೀ ವರ್ಷದ ಚಂದಾ ಆ ಒಂದು ಬೆಳಗ್ಗೆಗೇ ಸಂದಾಯ ಆಯಿತು ಅಂದುಕೊಂಡೆ.

ಇನ್ನು ನನಗೆ ಹೊಟ್ಟೆಯೊಳಗೆ ಉರಿಯುವ ವಿಷಯ: ಪಾಲ್ ಸ್ಕೀನ್ಸ್. 2023ರ ಡ್ರಾಫ್ಟ್‌ನ ಮೊದಲ ಆಯ್ಕೆ, ಬೋನಸ್ 92 ಲಕ್ಷ ಡಾಲರ್. ಗಂಟೆಗೆ 160 ಕಿಲೋಮೀಟರ್ ವೇಗ ಅವನಿಗೆ ಮಾಮೂಲಿ. 2024ರ ಏಪ್ರಿಲ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅವನು ಎಸೆಯುವುದನ್ನು ಒಂದೊಂದು ಆಟವೂ ಬಿಡದೆ ನೋಡಿದೆ. ಎದುರಿಗಿದ್ದವರಿಗೆ ಚೆಂಡೇ ಕಾಣುತ್ತಿರಲಿಲ್ಲ. ಇವನಿಗೆ ಅಲ್ಲಿ ಕಲಿಯಲು ಏನೂ ಉಳಿದಿಲ್ಲ ಅಂತ ಎರಡನೇ ಆಟಕ್ಕೇ ಗೊತ್ತಾಗುತ್ತಿತ್ತು. ಆದರೂ ಮೇ 11ರವರೆಗೆ ಕೆಳಗೇ ಇಟ್ಟರು.

ಇದರ ಹಿಂದೆ ಸರ್ವಿಸ್ ಟೈಮ್ ಲೆಕ್ಕ ಇದೆ. ಮೇಲಿನ ತಂಡದಲ್ಲಿ 172 ದಿನ ಇದ್ದರೆ ಒಂದು ವರ್ಷ. ಆರು ವರ್ಷ ತುಂಬಿದರೆ ಆಟಗಾರ ಸ್ವತಂತ್ರ, ಎಲ್ಲಿಗೆ ಬೇಕಾದರೂ ಹೋಗಬಹುದು. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ, ಆಮೇಲೆ ಮೂರು ವರ್ಷ ಪಂಚಾಯ್ತಿದಾರರ ಮುಂದೆ ಸಂಬಳ ಗೊತ್ತಾಗುತ್ತದೆ. ಹಾಗಾಗಿ ಮೊದಲ ವರ್ಷ ಕೆಲವು ವಾರ ತಡ ಮಾಡಿ ಕರೆದರೆ ತಂಡಕ್ಕೆ ಕೊನೆಯಲ್ಲಿ ಇನ್ನೊಂದು ವರ್ಷ ಸಿಗುತ್ತದೆ. ಇದನ್ನು ತಡೆಯಲು 2022ರ ಒಪ್ಪಂದದಲ್ಲಿ ಎರಡು ನಿಯಮ ತಂದರು. ಮೊದಲನೆಯದು, ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಲ್ಲಿ ಮೊದಲ ಎರಡು ಸ್ಥಾನ ಬಂದವರಿಗೆ, ತಡವಾಗಿ ಬಂದಿದ್ದರೂ, ಪೂರ್ತಿ ವರ್ಷದ ಲೆಕ್ಕ ಕೊಡಬೇಕು. ಎರಡನೆಯದು, ಹೆಸರಾದ ಪ್ರಾಸ್ಪೆಕ್ಟ್ (ಭರವಸೆಯ ಹೊಸ ಹುಡುಗ) ಒಬ್ಬನನ್ನು ಶುರುವಿನಿಂದಲೇ ತಂಡದಲ್ಲಿ ಇಟ್ಟುಕೊಂಡು ಅವನು ಆ ಪ್ರಶಸ್ತಿ ಗೆದ್ದರೆ, ತಂಡಕ್ಕೆ ಡ್ರಾಫ್ಟ್‌ನಲ್ಲಿ ಒಂದು ಆಯ್ಕೆ ಹೆಚ್ಚಿಗೆ. ಹೂಲಿಯೊ ರೊಡ್ರಿಗೆಸ್‌ನನ್ನು 2022ರಲ್ಲಿ ಮೊದಲ ದಿನದಿಂದ ಆಡಿಸಿ ಸಿಯಾಟಲ್ ಮರಿನರ್ಸ್ ಆ ಆಯ್ಕೆ ಪಡೆದರು.

ಸ್ಕೀನ್ಸ್ 2024ರಲ್ಲಿ ಆ ಪ್ರಶಸ್ತಿ ಗೆದ್ದ. ಪೂರ್ತಿ ವರ್ಷದ ಲೆಕ್ಕ ಅವನಿಗೆ ಸಿಕ್ಕಿತು, 2029ರ ಸೀಸನ್ ಮುಗಿದರೆ ಅವನು ಸ್ವತಂತ್ರ. ತಂಡಕ್ಕೆ ಹೆಚ್ಚಿನ ವರ್ಷವೂ ಸಿಗಲಿಲ್ಲ, ಹೆಚ್ಚಿನ ಡ್ರಾಫ್ಟ್ ಆಯ್ಕೆಯೂ ಸಿಗಲಿಲ್ಲ, ಏಪ್ರಿಲ್ ತಿಂಗಳ ಅವನ ಆಟಗಳೂ ಹೋದವು. ತೋಳಿಗೆ ಭಾರ ಬೀಳದಿರಲಿ ಅಂತ ನಿಧಾನ ಮಾಡಿದೆವು ಅನ್ನುವ ವಾದ ಇದೆ. ಆ ಕಾಳಜಿ ತಪ್ಪಲ್ಲ. ಆದರೆ ಅದೇ ಮೂರು ನಾಲ್ಕು ಇನ್ನಿಂಗ್ಸ್ ಅನ್ನು ಪಿಟ್ಸ್‌ಬರ್ಗ್‌ನಲ್ಲೇ ಎಸೆಸಬಹುದಿತ್ತು ಅಲ್ವಾ? ಇಂಡಿಯಾನಾಪೊಲಿಸ್ ಆಟ ಕಣ್ಣಾರೆ ನೋಡಿದ ನನ್ನಂಥವರನ್ನು ಈ ವಾದ ಒಪ್ಪಿಸುವುದಿಲ್ಲ.

2025ರಲ್ಲಿ ಅವನಿಗೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಎಲ್ಲ ಮತಗಳೂ ಅವನಿಗೇ. ಒಂಬತ್ತು ಇನ್ನಿಂಗ್ಸ್‌ಗೆ ಅವನು ಕೊಟ್ಟ ರನ್ ಸರಾಸರಿ 1.97. ಅಷ್ಟು ಎಸೆದವನ ಹೆಸರಿನ ಮುಂದೆ 10 ಗೆಲುವು, 10 ಸೋಲು. ಇಡೀ ಲೀಗ್‌ನಲ್ಲೇ ಕಡಿಮೆ ರನ್ ಹೊಡೆದ ತಂಡದಲ್ಲಿ ಆಡಿದರೆ ಇನ್ನೇನಾಗುತ್ತದೆ. ತಂಡ 71 ಗೆದ್ದು 91 ಸೋತಿತು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ. ಗ್ರಿಫಿನ್‌ಗೆ 2025ರ ಸೀಸನ್ ಮುಗಿದ ಚಳಿಗಾಲದಲ್ಲೇ ದೊಡ್ಡ ಕರಾರು ಕೊಡಬೇಕು. 2026ರ ಮಾರ್ಚ್‌ನಲ್ಲಿ ಮೊದಲ ದಿನವೇ ಶಾರ್ಟ್‌ಸ್ಟಾಪ್ ಜಾಗದಲ್ಲಿ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡಿಂಗ್ ಜಾಗ) ನಿಲ್ಲಿಸಬೇಕು. ಆರಿಜೋನಾ ತಂಡ ಕಾರ್ಬಿನ್ ಕ್ಯಾರಲ್‌ಗೆ ಬರೀ 32 ಆಟ ನೋಡಿ 8 ವರ್ಷಕ್ಕೆ 11.1 ಕೋಟಿ ಡಾಲರ್ ಕೊಟ್ಟಿತು, ಅದೇ ವರ್ಷ ವಿಶ್ವ ಸರಣಿ ಆಡಿತು. ಕಾನ್ಸಾಸ್ ಸಿಟಿ ನಮ್ಮ ಪಿಟ್ಸ್‌ಬರ್ಗ್‌ಗಿಂತ ಶ್ರೀಮಂತ ಊರೇನಲ್ಲ, ಬಾಬಿ ವಿಟ್‌ಗೆ 2024ರಲ್ಲಿ 11 ವರ್ಷದ ಕರಾರು, 28 ಕೋಟಿ ಡಾಲರ್‌ಗೂ ಜಾಸ್ತಿ. ಪೈರೇಟ್ಸ್ 2025ರ ಕೊನೆವರೆಗೆ ಕೊಟ್ಟ ಅತಿ ದೊಡ್ಡ ಕರಾರು ಬ್ರಯಾನ್ ರೆನಾಲ್ಡ್ಸ್‌ಗೆ, 8 ವರ್ಷಕ್ಕೆ 10 ಕೋಟಿ 67 ಲಕ್ಷ.

ಹೀಗೇ ದೊಡ್ಡ ಕರಾರು ಪಡೆದ ಕೀಬ್ರಯಾನ್ ಹೇಯ್ಸ್ ಏನಾದ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. 2022ರಲ್ಲಿ 8 ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟರು, ಫೀಲ್ಡಿಂಗ್‌ನಲ್ಲಿ ಚಿನ್ನದ ಕೈಗವಸು ಪ್ರಶಸ್ತಿಯನ್ನೂ ಗೆದ್ದ, ಆದರೆ ಬೆನ್ನು ನೋವು ಬಿಡಲಿಲ್ಲ, ಬ್ಯಾಟ್ ಮೌನವಾಯಿತು, 2025ರ ಜುಲೈನಲ್ಲಿ ರೆಡ್ಸ್‌ಗೆ ಕಳಿಸಿಬಿಟ್ಟರು. ಹೌದು, ನಷ್ಟ ಆಯಿತು. ಆದರೆ ಆ್ಯಂಡ್ರೂ ಮೆಕಚನ್‌ಗೆ 2012ರಲ್ಲಿ 6 ವರ್ಷಕ್ಕೆ 5 ಕೋಟಿ 15 ಲಕ್ಷ ಕೊಟ್ಟಾಗಲೂ ಇದೇ ಅನುಮಾನ ಇತ್ತಲ್ಲ. ಮರುವರ್ಷವೇ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ ಆದ, ನಾನು ಕಂಡ ಆ 2013ರ ತಂಡ ನಿಂತಿದ್ದು ಅವನ ಮೇಲೆ. ಒಂದು ಸಾಲು ಬೋರರ್‌ಗೆ ಹೋಯಿತು ಅಂತ ಯಾರೂ ನೆಡುವುದು ನಿಲ್ಲಿಸುವುದಿಲ್ಲ. ನಾನು ಹೆದರುವುದು ಗೆರಿಟ್ ಕೋಲ್ ಕಥೆ ಮತ್ತೆ ಆಗುತ್ತದಲ್ಲಾ ಅಂತ. 2011ರ ಮೊದಲ ಆಯ್ಕೆ ಅವನು, ಇಲ್ಲೇ ಬೆಳೆದವನು. 2018ರ ಜನವರಿಯಲ್ಲಿ ಹ್ಯೂಸ್ಟನ್‌ಗೆ ಕೊಟ್ಟರು, ಎರಡು ವರ್ಷದ ಮೇಲೆ ಯಾಂಕೀಸ್ ಅವನಿಗೆ 32.4 ಕೋಟಿ ಡಾಲರ್ ಕೊಟ್ಟಿತು. ಸ್ಕೀನ್ಸ್ ವಿಷಯದಲ್ಲಿ ಇದು ಆಗಬಾರದು. 2026ರ ಸೀಸನ್ ಮುಗಿದರೆ ಅವನ ಸಂಬಳ ಏರಲು ಶುರು, ಅದಕ್ಕೂ ಮುಂಚೆಯೇ ಕೂತು ಮಾತಾಡಲಿ.

ಚಂದಾಗೆ ವಾಪಸ್ ಬರುತ್ತೇನೆ. ಈ ಕರಾರು, ಸರ್ವಿಸ್ ಟೈಮ್ ಲೆಕ್ಕವೆಲ್ಲ ಆಟಗಾರನ ಪುಟದಲ್ಲೇ ಒಂದೆಡೆ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನಾನು ತೋಟದ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ಯಾರು ಯಾವ ಮೆಟ್ಟಿಲಲ್ಲಿದ್ದಾರೆ, ಯಾರಿಗೆ ಎಷ್ಟು ವರ್ಷ ಉಳಿದಿದೆ ಅಂತ. ಡ್ರಾಫ್ಟ್ ಜುಲೈನಲ್ಲಿ ಬರುತ್ತದೆ, ಅವತ್ತು ಆ ಪುಟ ಮುಂದಿಟ್ಟುಕೊಂಡೇ ಕೂರುತ್ತೇನೆ.

ಕೊಳ್ಳುವವರಿಗೆ ಕೆಲವು ಮಾತು. ವರ್ಷದ ಚಂದಾ ತಾನಾಗಿಯೇ ಮುಂದುವರಿಯುತ್ತದೆ, ದುಡ್ಡು ಕಟ್ ಆಗುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಡಾಲರ್‌ನಲ್ಲಿ ಕಟ್ಟುವುದರಿಂದ ಕಾರ್ಡ್‌ನಲ್ಲಿ ಹೊರದೇಶದ ಪಾವತಿ ಆನ್ ಇರಬೇಕು. ನನಗೆ ಮೊದಲ ಸಲ ಬ್ಯಾಂಕಿನವರು ಎರಡು ದಿನ ಓಡಾಡಿಸಿದರು. ಫೋನ್‌ಗಿಂತ ಟಿವಿಯಲ್ಲಿ ಹಾಕಿ, ಪಿಚರ್ ಬೆರಳು ಚೆಂಡಿನ ಹೊಲಿಗೆ ಮೇಲೆ ಹೇಗಿದೆ ಅಂತ ಕಾಣುತ್ತದೆ. ತಂಡ ಇನ್ನೂ ಆರಿಸಿಕೊಳ್ಳದವರು ಮೇ ತಿಂಗಳಲ್ಲಿ ಒಂದು ತಿಂಗಳಿಗೆ ಕಟ್ಟಿ, ಆಲ್ಟೂನಾದ ಸಂಜೆ ಆಟ ಒಂದನ್ನು ಪೂರ್ತಿ ನೋಡಿ. ಯಾವುದಾದರೂ ಒಬ್ಬ ಹುಡುಗನ ಹೆಸರು ಬರೆದಿಟ್ಟುಕೊಳ್ಳಿ.

ಈಗ ನಮ್ಮಲ್ಲಿ ಅರೇಬಿಕಾ ಕೊಯ್ಲು. ಕಣದಲ್ಲಿ ಕಾಯಿ ಹರಡಿ, ರಾತ್ರಿ ಲೆಕ್ಕ ಮುಗಿಸಿ, ಗ್ರಿಫಿನ್‌ನ ಆಲ್ಟೂನಾ ಆಟಗಳನ್ನು ಹಿಂದಿನಿಂದ ಮತ್ತೆ ನೋಡುತ್ತಿದ್ದೇನೆ. ಮಗಳೂ ಪಕ್ಕದಲ್ಲಿ ಕೂರುತ್ತಾಳೆ. ಹೂಮಳೆ ಬೀಳುವ ಹೊತ್ತಿಗೆ ಹೊಸ ಸೀಸನ್ ಶುರು, ನಾಲ್ಕನೇ ವರ್ಷದ ದುಡ್ಡು ಎತ್ತಿಟ್ಟಿದ್ದೇನೆ.